ಹೊರಟಲ್ಲಿಗೇ ಬರುವ ಸವಾರಿ

ದುಡ್ಡು ಕೊಟ್ಟು, ಸ್ವಂತ ಪೆಟ್ರೋಲ್ ಸುಟ್ಟು, ಸ್ವಂತ ಟೈರು ಸವೆಸಿ, ಬೆಳಗಿನಿಂದ ಸಂಜೆಯವರೆಗೆ ಸುತ್ತಿ ಸುತ್ತಿ ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುವುದು. ಇಂಗ್ಲೆಂಡಿನಲ್ಲಿ ಇದನ್ನು ಟ್ರ್ಯಾಕ್ ಡೇ ಅನ್ನುತ್ತಾರೆ ರಾಯರೇ. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೇ ಅನ್ನಿ, ಸುತ್ತುವುದೂ ಹೆಚ್ಚಾಗಿ ಬಲಕ್ಕೇ. “ಪ್ರದಕ್ಷಿಣೆಯಿಂದ ಪುಣ್ಯವಾದರೂ ಬರುತ್ತೆ, ಇದರಿಂದ ಏನು ಬರುತ್ತೆ?” ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕಪ್ಪಿಲ್ಲ, ಪದಕವಿಲ್ಲ, ಹಾರತುರಾಯಿ ಇಲ್ಲ. ಗೆಲ್ಲುವವರೇ ಇಲ್ಲದ ಆಟ ಇದು. ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ಹಿಡಿಯುವುದಕ್ಕೂ ಸಾಮಾನ್ಯವಾಗಿ ಬಿಡುವುದಿಲ್ಲ. ಹೊತ್ತು ಅಳೆದರೆ ಅದು ರೇಸ್ ಆಯಿತು. ರೇಸ್ ಆಯಿತೆಂದರೆ ವಿಮೆಯವರು ಕೈ ಎತ್ತುತ್ತಾರೆ.

ನಮ್ಮ ಷಡ್ಡಕರು ಸಸೆಕ್ಸ್ ಕಡೆ ಇರುವುದು ನಿಮಗೆ ಗೊತ್ತಲ್ಲ. ಮಗಳ ಕಾಲೇಜು ಮುಗಿದದ್ದೇ ತಡ, ಒಂದು ಹಳೆಯ ಎಂಜಿಬಿ ಕಾರು ಕೊಂಡರು. ತಲೆಯ ಮೇಲೆ ಸೂರಿಲ್ಲ, ಇಬ್ಬರಿಗಷ್ಟೇ ಜಾಗ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಿಂದ ಇಂಥವು, ಸೂರಿರುವವೂ ಸೇರಿ, ಐದು ಲಕ್ಷಕ್ಕೂ ಮಿಕ್ಕಿ ಹೊರಬಂದವು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. ನಾದಿನಿ ಮಾತ್ರ ಗ್ಯಾರೇಜಿನ ಕಡೆ ತಲೆ ಹಾಕುವುದಿಲ್ಲ. ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ದಿನವೂ ಒಂದಿಷ್ಟು ಎಣ್ಣೆ ತೊಟ್ಟಿಕ್ಕಿರುತ್ತದೆ. “ಸೋರುತ್ತಾ ಇದ್ದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ, ಸೋರೋದು ನಿಂತರೆ ಹೆದರಬೇಕು” ಎಂಬುದು ಷಡ್ಡಕರ ಸಮಾಧಾನ.

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ನೀವು ಗುಂಡಿನ ವೇಗ ಕಲ್ಪಿಸಿಕೊಳ್ಳಬೇಡಿ. 1798 ಸಿಸಿ ಎಂಜಿನ್, 95 ಕುದುರೆ. ನಿಮ್ಮ ಅಳಿಯಂದಿರ ಸ್ವಿಫ್ಟಿನ ತಾಕತ್ತಿಗೆ ಹತ್ತಿರ ಹತ್ತಿರ ಅಷ್ಟೇ. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ಮುಟ್ಟಲು ಸುಮಾರು 12 ಸೆಕೆಂಡು ಬೇಕು. ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ. ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಹಿಂದಿನದಕ್ಕೆ ಡ್ರಮ್ಮು. ನೆಲ ಮಾತ್ರ ಕೈಗೆ ಸಿಗುವಷ್ಟು ಹತ್ತಿರ. ಅಷ್ಟು ಕೆಳಗೆ ಕೂತವನಿಗೆ ಐವತ್ತರ ವೇಗವೂ ನೂರಾಗಿ ಕಾಣುತ್ತದೆ. ಮಜಾ ಇರುವುದು ಅಲ್ಲೇ.

ಈ ಕಾರಿನಲ್ಲಿ ಷಡ್ಡಕರೂ ನಾನೂ ಟ್ರ್ಯಾಕ್ ಡೇಗೆ ಹೋದದ್ದು ಗುಡ್‌ವುಡ್‌ಗೆ. ಎರಡನೇ ಮಹಾಯುದ್ಧದಲ್ಲಿ ಅದು ವೆಸ್ಟ್‌ಹ್ಯಾಂಪ್ನೆಟ್ ಎಂಬ ವಾಯುನೆಲೆ. ಸ್ಪಿಟ್‌ಫೈರ್ ವಿಮಾನಗಳು ಏರುತ್ತಿದ್ದ ಜಾಗ. ಮೈದಾನದ ಅಂಚಿನಲ್ಲಿ ಸುತ್ತ ಹಾಕಿದ್ದ ರಸ್ತೆಯೇ ಮುಂದೆ ಟ್ರ್ಯಾಕ್ ಆಯಿತು. ಜಾಗದ ಒಡೆಯರಾದ ರಿಚ್ಮಂಡಿನ ಡ್ಯೂಕ್ ತಾವೂ ಒಂದು ಕಾಲಕ್ಕೆ ರೇಸ್ ಓಡಿಸಿದವರು. 1948ರ ಸೆಪ್ಟೆಂಬರಿನಲ್ಲಿ ಅವರು ಅಲ್ಲಿ ರೇಸ್ ಶುರು ಮಾಡಿಸಿದರು. 1966ರಲ್ಲಿ ಅದು ನಿಂತಿತು; ಮೊಮ್ಮಗ 1998ರಲ್ಲಿ ಮತ್ತೆ ಶುರು ಮಾಡಿದ. ಯುದ್ಧ ಮುಗಿದು ಬಿಕೋ ಅನ್ನುತ್ತಿದ್ದ ಏರ್‌ಸ್ಟ್ರಿಪ್ಪುಗಳನ್ನು ಕಂಡರೆ ಕಾರು ಹುಚ್ಚರಿಗೆ ಕೈ ಕಡಿಯುತ್ತಿತ್ತೋ ಏನೋ. ಮದ್ರಾಸಿನ ಹತ್ತಿರದ ಶೋಳಾವರಂ ಕೂಡ ಅಂಥದ್ದೇ ಅಲ್ಲವೇ? ನಮ್ಮ ಬೆಂಗಳೂರಿನವರು ಅಲ್ಲಿಗೆ ಹೋಗಿ ಓಡಿಸುತ್ತಿದ್ದ ಕಾಲ ನಿಮಗೂ ನೆನಪಿರಬೇಕು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಟ್ರ್ಯಾಕ್ ಆದ ಮೇಲೆ ಈಗಿನ ಹುಡುಗರ ಸವಾರಿ ಅಲ್ಲಿಗೆ.

ಬೆಳಿಗ್ಗೆ ಹೋದ ತಕ್ಷಣ ಓಡಿಸಲು ಬಿಡುತ್ತಾರೆ ಅಂದುಕೊಳ್ಳಬೇಡಿ. ಮೊದಲು ಸದ್ದಿನ ಪರೀಕ್ಷೆ. ಒಬ್ಬ ಆಸಾಮಿ ಸೈಲೆನ್ಸರ್ ಕೊಳವೆಯಿಂದ ಅರ್ಧ ಮೀಟರ್ ದೂರದಲ್ಲಿ ಮೈಕು ಹಿಡಿದು ನಿಂತು, ಆಕ್ಸಿಲರೇಟರ್ ಒತ್ತಿ ಅಂತ ಸನ್ನೆ ಮಾಡುತ್ತಾನೆ. ಸುತ್ತಮುತ್ತ ಮನೆಗಳಿವೆ, ಸದ್ದು ಮಿತಿ ಮೀರಿದರೆ ಅಲ್ಲಿಂದಲೇ ವಾಪಸ್. ಆಮೇಲೆ ತಪಾಸಣೆ. ಬ್ಯಾಟರಿ ಅಲುಗಾಡುತ್ತಿದೆಯೇ, ಕೆಟ್ಟರೆ ಎಳೆದು ತರಲು ಕೊಕ್ಕೆ ಇದೆಯೇ, ಟೈರು ನೆಟ್ಟಗಿದೆಯೇ. ಡಿಕ್ಕಿಯಲ್ಲಿದ್ದ ಜಾಕು, ಛತ್ರಿ, ನಾದಿನಿ ಕೊಟ್ಟಿದ್ದ ಚಕ್ಕುಲಿ ಡಬ್ಬ ಎಲ್ಲವೂ ಹೊರಗೆ. ತಿರುವಿನಲ್ಲಿ ಅವು ಉರುಳಾಡಬಾರದು. ಹೆಲ್ಮೆಟ್ಟು ಕಡ್ಡಾಯ, ತುಂಬು ತೋಳಿನ ಅಂಗಿ ಕಡ್ಡಾಯ. ನಮ್ಮ ಲೈಸೆನ್ಸು ಬ್ರಿಟನ್ನಿಗೆ ಹೋದವರಿಗೆ ಒಂದು ವರ್ಷ ನಡೆಯುತ್ತದೆ. ಹಾಗಾಗಿ ಎರಡನೇ ಚಾಲಕ ಅಂತ ನನ್ನ ಹೆಸರನ್ನೂ ಬರೆಸಿದ್ದರು.

ಆಮೇಲೆ ಎಲ್ಲರನ್ನೂ ಕೂರಿಸಿ ಪಾಠ. ಹಳದಿ ಬಾವುಟ ಕಂಡರೆ ನಿಧಾನ, ಯಾರನ್ನೂ ಹಿಂದಿಕ್ಕಬಾರದು. ಕೆಂಪು ಕಂಡರೆ ವೇಗ ಇಳಿಸಿ ನೇರ ಒಳಗೆ ಬನ್ನಿ. ನೀಲಿ ಕಂಡರೆ ಹಿಂದೆ ಜೋರಾಗಿ ಬರುತ್ತಿರುವವನಿದ್ದಾನೆ, ಕನ್ನಡಿ ನೋಡಿ. ಕಪ್ಪು ಬಾವುಟ ನಿಮಗೇ ತೋರಿಸಿದರೆ ಏನೋ ಎಡವಟ್ಟಾಗಿದೆ, ಬಂದು ಮಾತಾಡಿ. ಹಿಂದಿಕ್ಕುವುದು ಅವರು ಹೇಳಿದ ಒಂದೇ ಪಕ್ಕದಿಂದ, ಅದೂ ಮುಂದಿನವನು ಇಂಡಿಕೇಟರ್ ಹಾಕಿ ಒಪ್ಪಿಗೆ ಕೊಟ್ಟ ಮೇಲೆ. ನಮ್ಮ ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಈ ನಿಯಮ ತಂದರೆ ಗಾಡಿಗಳು ಇನ್ನೂ ಅಲ್ಲೇ ನಿಂತಿರುತ್ತವೆ ಅನ್ನುತ್ತೀರಿ. ಇರಬಹುದು, ಆದರೆ ಟ್ರ್ಯಾಕಿನಲ್ಲಿ ನಡೆಯುತ್ತದೆ.

ಗುಡ್‌ವುಡ್ ಒಂದು ಸುತ್ತು ಸುಮಾರು 3.8 ಕಿಲೋಮೀಟರ್. ಮೊದಲ ತಿರುವು ಮ್ಯಾಡ್ಜ್‌ವಿಕ್. ಒಂದೇ ತಿರುವಿನೊಳಗೆ ಎರಡು ತಿರುವು ಅದು. ಒಂದು ಮುಗಿಯಿತು ಅಂತ ಕಾಲು ಒತ್ತಿದರೆ ಇನ್ನೊಂದು ಎದುರಿಗಿರುತ್ತದೆ. ಷಡ್ಡಕರು ಪಕ್ಕದಲ್ಲಿ ಕೂತು ಒಂದೇ ಮಂತ್ರ ಹೇಳುತ್ತಿದ್ದರು: “ಕಾರು ನೆಟ್ಟಗಿರುವಾಗ ಬ್ರೇಕು, ಆಮೇಲೆ ತಿರುವು, ಆಮೇಲೆ ಆಕ್ಸಿಲರೇಟರ್. ಮೂರನ್ನೂ ಕಲಸಬೇಡಿ.” ಹೊರಗಿನ ಅಂಚಿನಿಂದ ಒಳಗಿನ ಅಂಚು ಸವರಿ ಮತ್ತೆ ಹೊರಗೆ ಬಂದರೆ ತಿರುವು ಸಡಿಲವಾಗುತ್ತದೆ. ತಿರುವಿನ ನಡುವೆ ಭಯ ಬಿದ್ದು ಫಟ್ಟನೆ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬಿದ್ದು, ಹಗುರಾದ ಹಿಂಬದಿ ನಮ್ಮನ್ನು ಹಿಂದಿಕ್ಕಲು ಹೊರಡುತ್ತದೆ. ಹೊಸ ಕಾರಾದರೆ ಕಂಪ್ಯೂಟರ್ ಅದನ್ನು ಸದ್ದಿಲ್ಲದೆ ತಿದ್ದುತ್ತದೆ. ಇಲ್ಲಿ ತಿದ್ದಬೇಕಾದವರು ನೀವೇ. ಆದರೆ ಹಳೆಯ ಸಣ್ಣ ಟೈರು ಜಾರುವ ಮುಂಚೆ ಕೀಚಲು ದನಿ ಮಾಡಿ ಎಚ್ಚರಿಸುತ್ತದೆ. ಜಾರಿದರೂ ನಿಧಾನವಾಗಿ, ನಮಗೆ ಪುರಸೊತ್ತು ಕೊಟ್ಟು ಜಾರುತ್ತದೆ.

ಸೇಂಟ್ ಮೇರೀಸ್ ಎಂಬ ಎಡ ತಿರುವು ಬಂದಾಗ ಮಾತ್ರ ಷಡ್ಡಕರು ಸುಮ್ಮನಾಗುತ್ತಿದ್ದರು. 1962ರ ಈಸ್ಟರ್ ಸೋಮವಾರ ಹೆಸರಾಂತ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಅಂಥವರೇ ಅಲ್ಲಿ ಅಪಘಾತಕ್ಕೆ ಸಿಕ್ಕಿ, ತಿಂಗಳ ಕಾಲ ಪ್ರಜ್ಞೆ ಇಲ್ಲದೆ ಮಲಗಿದ್ದರು. ಅವರ ದೊಡ್ಡ ರೇಸುಗಳ ಬದುಕು ಅಲ್ಲಿಗೆ ಮುಗಿಯಿತು. ಮಾಸ್‌ಗೇ ಬಿಡದ ತಿರುವು ನಮಗೆ ಬಿಟ್ಟೀತೇ? ಅಲ್ಲಿ ನಾವು ಬಹಳ ಮರ್ಯಾದಸ್ಥರು.

ನಾಲ್ಕೈದು ಸುತ್ತಾದ ಮೇಲೆ ಬ್ರೇಕ್ ಪೆಡಲು ಮೊದಲಿಗಿಂತ ಕೆಳಗೆ ಹೋಗತೊಡಗಿತು. ಷಡ್ಡಕರು ಕೂಡಲೇ ಕೈ ತೋರಿಸಿದರು: ನಿಧಾನ, ಒಳಗೆ ಹೋಗೋಣ. ಬ್ರೇಕ್ ಆಯಿಲ್ಲು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದಿದಾಗ ಏಳುವ ಗುಳ್ಳೆಯನ್ನು ಪೆಡಲು ಒತ್ತುತ್ತದೆಯೇ ಹೊರತು ಗಾಲಿಯನ್ನು ಹಿಡಿಯುವುದಿಲ್ಲ. ಅದಕ್ಕೇ ಕೊನೆಯ ಸುತ್ತನ್ನು ಬ್ರೇಕು ಮುಟ್ಟದಷ್ಟು ನಿಧಾನಕ್ಕೆ ಓಡಿಸಿ ಗಾಳಿಗೆ ಆರಿಸುತ್ತಾರೆ. ನಿಲ್ಲಿಸಿದ ಮೇಲೂ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ಕಾದ ಬ್ರೇಕನ್ನು ಹಾಗೆ ಬಿಗಿದಿಡಬಾರದು. ಗೇರಿನಲ್ಲಿ ಬಿಟ್ಟು, ಗಾಲಿಗೆ ಮರದ ತುಂಡು ಕೊಡುತ್ತಾರೆ.

ಹಿಂದಿಕ್ಕಿಸಿಕೊಳ್ಳುವುದರ ಸುಖ ಅಲ್ಲೇ ಗೊತ್ತಾದದ್ದು. ಕನ್ನಡಿಯಲ್ಲಿ ಪೋರ್ಷೆ ಕಾಣುತ್ತದೆ. ಹಾರನ್ನಿಲ್ಲ, ಲೈಟು ಮಿಟುಕಿಸುವುದಿಲ್ಲ. ನೀವು ನೇರ ದಾರಿಯಲ್ಲಿ ಇಂಡಿಕೇಟರ್ ಹಾಕಿ ಕಾಲು ಸಡಿಲಿಸುತ್ತೀರಿ, ಅವನು ದಾಟುತ್ತಾ ಕೈ ಎತ್ತುತ್ತಾನೆ. ಮಾನ ಹೋದಂತೆ ಅನ್ನಿಸುವುದೇ ಇಲ್ಲ. ಅವನಿಗೆ ಅವನ ಕಾರಿನ ಮಿತಿ ಮುಟ್ಟಲು ಎದೆಗಾರಿಕೆ ಬೇಕು. ನಮ್ಮದರ ಮಿತಿ ತೊಂಬತ್ತು ನೂರರಲ್ಲೇ ಸಿಗುತ್ತದೆ, ಇಡೀ ದಿನ ಅದರ ಜೊತೆ ಆಡಬಹುದು. ನಿಧಾನದ ಕಾರನ್ನು ಜೋರಾಗಿ ಓಡಿಸುವುದು, ಜೋರಿನ ಕಾರನ್ನು ನಿಧಾನ ಓಡಿಸುವುದಕ್ಕಿಂತ ಯಾವತ್ತೂ ಮೇಲು.

ನಿಮ್ಮ ಶೆಡ್ಡಿನಲ್ಲಿರುವ ಪ್ರೀಮಿಯರ್ ಪದ್ಮಿನಿಯನ್ನು ಗುಜರಿಗೆ ಕೊಡುವ ಮಾತು ಮೊನ್ನೆ ಆಡುತ್ತಿದ್ದಿರಿ. ಕೊಡಬೇಡಿ ರಾಯರೇ. ಇಂಥ ದಿನಕ್ಕೆ ಇರುಂಗಾಟ್ಟುಕೋಟ್ಟೈಗೆ ಹೋಗುವ ಮನಸ್ಸಾದರೆ ಎಂಜಿನ್ನಿನ ಮೇಲೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ಮೊದಲು ಹಳೆಯ ಬ್ರೇಕ್ ಆಯಿಲ್ ತೆಗೆಸಿ ಹೊಸದು ಹಾಕಿಸಿ.