ಗೇಟಿನಾಚೆಯ ಗಂಡುಗಳು

ಬೆದೆಯ ವಿಷಯದಲ್ಲಿ ತುಮಕೂರು ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಗುಬ್ಬಿ ಕಡೆಯ ತೋಟದ ಮನೆಯಲ್ಲಿ ಹಸು ರಾತ್ರಿಯೆಲ್ಲ ಅರಚಿ, ಮೇವು ಬಿಟ್ಟು, ಹಿಂದೆ ಲೋಳೆ ಇಳಿಸಿದರೆ ಸಾಕು, ಬೆಳಗಾಗುವುದರೊಳಗೆ ದನದ ಡಾಕ್ಟರಿಗೆ ಫೋನು ಹೋಗಿರುತ್ತದೆ. ಹಸುವಿನ ಬೆದೆ ಒಂದು ದಿನದ ಮಾತು. ತಪ್ಪಿದರೆ ಇನ್ನು 21 ದಿನ ಕಾಯಬೇಕು, ಹಾಲಿನ ಲೆಕ್ಕವೂ ಅಷ್ಟು ಹಿಂದೆ ಬೀಳುತ್ತದೆ. ಕುಣಿಗಲ್ಲಂತೂ ಟಿಪ್ಪು ಕಾಲದಿಂದ ಕುದುರೆ ತಳಿ ಬೆಳೆಸಿದ ಊರು. ಕುದುರೆ ಫಾರಂಗಳಲ್ಲಿ ಹೆಣ್ಣು ಬೆದೆಗೆ ಬಂದಿದೆಯೋ ಇಲ್ಲವೋ ನೋಡಲಿಕ್ಕೆಂದೇ ಒಂದು ಗಂಡು ಕುದುರೆ ಇಟ್ಟುಕೊಳ್ಳುವ ಪದ್ಧತಿಯುಂಟು. ಅದಕ್ಕೆ ಟೀಸರ್ ಎಂದು ಹೆಸರು. ಅದನ್ನು ಹೆಣ್ಣಿನ ಎದುರು ತಂದು ನಿಲ್ಲಿಸುತ್ತಾರೆ. ಅವಳು ಕಿವಿ ಹಿಂದಕ್ಕೆ ಮಡಚಿ ಒದೆಯಲು ಬಂದರೆ ಇನ್ನೂ ಇಲ್ಲ, ಬಾಲ ಎತ್ತಿ ಸುಮ್ಮನೆ ನಿಂತರೆ ಹೌದು. ಹೌದೆಂದು ಗೊತ್ತಾದ ಕೂಡಲೇ ಟೀಸರನ್ನು ಲಾಯಕ್ಕೆ ವಾಪಸ್ ಕಳಿಸಿ, ಭಾರಿ ಬೆಲೆಯ ಮತ್ತೊಂದು ಕುದುರೆಯನ್ನು ಕರೆತರುತ್ತಾರೆ. ಇದಕ್ಕಿಂತ ಅನ್ಯಾಯದ ನೌಕರಿ ಸರ್ಕಾರದಲ್ಲೂ ಇರಲಾರದು.

ಇಷ್ಟೆಲ್ಲ ಬಲ್ಲ ಜನ ಮನೆಯ ಹೆಣ್ಣುನಾಯಿಯ ಮುಂದೆ ಸೋತು ಕೂರುತ್ತಾರೆ.

ತುಮಕೂರಿನ ಬಟವಾಡಿಯಲ್ಲೋ ಎಸ್‌ಐಟಿ ಬಡಾವಣೆಯಲ್ಲೋ ಒಂದು ಮನೆ ಎಂದಿಟ್ಟುಕೊಳ್ಳಿ. ಯಜಮಾನರು ರಿಟೈರಾದ ಮೇಷ್ಟ್ರು. ಮಗ ಬೆಂಗಳೂರಿನಿಂದ ತಂದು ಬಿಟ್ಟುಹೋದ ಲ್ಯಾಬ್ರಡಾರ್ ಮರಿ ರಾಣಿಗೆ ಈಗ ಹತ್ತು ತಿಂಗಳು. ಒಂದು ಬೆಳಗ್ಗೆ ಮೊಸಾಯಿಕ್ ನೆಲದ ಮೇಲೆ ಎರಡು ಕೆಂಪು ಹನಿ. ಗುಬ್ಬಿಯಿಂದ ಬಂದಿದ್ದ ಮೇಷ್ಟ್ರ ತಾಯಿ, “ಎಲ್ಲೋ ಬೇಲಿ ತರಚ್ಕೊಂಡೈತೆ ಕಣಪ್ಪ, ತಡಿ” ಎಂದು ಅರಿಶಿನದ ಡಬ್ಬಿ ತರುತ್ತಾರೆ. ನಾಲ್ಕು ಕಾಲನ್ನೂ ತಿರುವಿ ನೋಡಿದರೂ ಗಾಯವಿಲ್ಲ. ರಾಣಿ ಮಾತ್ರ ಮೂಲೆಗೆ ಹೋಗಿ ಹಿಂಭಾಗ ನೆಕ್ಕಿಕೊಳ್ಳುತ್ತಾಳೆ, ಅನ್ನ ಮೂಸಿ ಬಿಡುತ್ತಾಳೆ, ಮೇಷ್ಟ್ರ ಕಾಲು ಬಿಟ್ಟು ಕದಲುವುದಿಲ್ಲ. ವಾಕಿಂಗಿಗೆ ಕರೆದೊಯ್ದರೆ ಕಂಡ ಲೈಟು ಕಂಬದ ಬುಡಕ್ಕೆಲ್ಲ ನಾಲ್ಕು ನಾಲ್ಕು ಹನಿ ಉಚ್ಚೆ. ನೀರು ಜಾಸ್ತಿ ಕುಡಿದಿರಬೇಕು ಎಂದು ಮೇಷ್ಟ್ರ ತೀರ್ಮಾನ. ಅಸಲಿಗೆ ರಾಣಿ ಬೀದಿಗೆಲ್ಲ ಸುದ್ದಿ ಹಂಚಿಕೊಂಡು ಬರುತ್ತಿರುತ್ತಾಳೆ. ಸಂಜೆಯ ಹೊತ್ತಿಗೆ ಗೇಟಿನಾಚೆ ಐದು ಗಂಡುಗಳು. ಫಾರಂಗಳು ಸಾಕಿ ಸಲಹುವ ಟೀಸರುಗಳು ಇಲ್ಲಿ ಬಿಟ್ಟಿಯಾಗಿ ಬಂದು ನಿಂತಿವೆ, ನೋಡಿ ಅರ್ಥ ಮಾಡಿಕೊಳ್ಳುವವರಿಲ್ಲ. ಮೇಷ್ಟ್ರು ಕಲ್ಲು ಎತ್ತಿಕೊಳ್ಳುತ್ತಾರೆ.

ಗಂಡುಗಳನ್ನು ಸೆಳೆಯುವ ಆ ವಾಸನೆಯಲ್ಲಿ ಏನಿದೆ ಎಂಬುದು ವಿಜ್ಞಾನಿಗಳನ್ನೂ ಆಟ ಆಡಿಸಿದೆ. 1979ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ, ನಾಯಿಗಳನ್ನು ಪರೀಕ್ಷಿಸಿ, ಅದು ಮೀಥೈಲ್ ಪ್ಯಾರಾಬೆನ್ ಎಂದಿತು. ಕ್ರೀಮು, ಶ್ಯಾಂಪುಗಳು ಕೆಡದಿರಲೆಂದು ಹಾಕುವ ವಸ್ತುವೇ ಅದು. ಹಾಗಿದ್ದರೆ ಬ್ಯೂಟಿ ಪಾರ್ಲರುಗಳ ಮುಂದೆ ನಾಯಿಗಳ ಜಾತ್ರೆಯೇ ಸೇರಬೇಕಿತ್ತು. ಮುಂದೆ ಮಾಡಿದ ಪ್ರಯೋಗಗಳು ಆ ಮಾತನ್ನು ಎತ್ತಿ ಹಿಡಿಯಲಿಲ್ಲ.

ನಿಜವಾದ ಎಡವಟ್ಟು ಆಗುವುದು ರಕ್ತದ ಲೆಕ್ಕದಲ್ಲಿ. ಹಸು ಕಟ್ಟಿದ ಮನೆಯವರಿಗೆ ಬೆದೆ ಕಳೆದ ಮೇಲೆ ರಕ್ತ ಕಾಣುವುದು ಗೊತ್ತು. ಕಂಡರೆ ಸಮಯ ಮೀರಿತು ಎಂದರ್ಥ. ನಾಯಿಯಲ್ಲಿ ಇದು ಪೂರ್ತಿ ಉಲ್ಟಾ. ರಕ್ತ ಬರುವುದು ಪೀಠಿಕೆ ಮಾತ್ರ. ಜನನಾಂಗ ಊದಿಕೊಂಡು ಹನಿ ಬೀಳುವ ಈ ಹಂತ ಸುಮಾರು ಒಂಬತ್ತು ದಿನ. ಮೂರೇ ದಿನಕ್ಕೆ ಮುಗಿಯುವುದೂ ಉಂಟು, ಎರಡು ವಾರ ದಾಟುವುದೂ ಉಂಟು. ಆಗ ಗಂಡು ಹತ್ತಿರ ಬಂದರೆ ಹಲ್ಲು ಕಿರಿದು ಓಡಿಸುತ್ತಾಳೆ. ಮನೆಯವರು ಈ ದಿನಗಳಲ್ಲಿ ಗೇಟಿಗೆ ಚಿಲಕ, ಚಿಲಕಕ್ಕೆ ಬೀಗ ಹಾಕಿ ಕಾಯುತ್ತಾರೆ. ಆಮೇಲೆ ರಕ್ತ ತೆಳುವಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಬ್ಬ, ಮುಗಿಯಿತು ಎಂದು ಮೇಷ್ಟ್ರು ಬೀಗ ತೆಗೆಯುತ್ತಾರೆ. ಮುಗಿದಿರುವುದಿಲ್ಲ, ಶುರುವಾಗಿರುತ್ತದೆ. ಸೊಂಟದ ಹತ್ತಿರ ಕೈಯಿಟ್ಟರೆ ಬಾಲವನ್ನು ಪಕ್ಕಕ್ಕೆ ಸರಿಸಿ ಗಟ್ಟಿಯಾಗಿ ನಿಂತಳೆಂದರೆ ಅದೇ ಬೆದೆ. ಈ ಹಂತವೂ ಹೆಚ್ಚುಕಡಿಮೆ ಒಂಬತ್ತು ದಿನ. ಹೀಗಾಗಿ ಕಾವಲು ಒಟ್ಟು ಮೂರು ವಾರಕ್ಕೆ ಕಡಿಮೆ ಆಗಬಾರದು.

ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಬಿಳಿ ಬಟ್ಟೆಯಿಂದ ದಿನಾ ಒಮ್ಮೆ ಒರೆಸಿ ನೋಡಿದರೆ ಮೊದಲ ಹನಿ ತಪ್ಪುವುದಿಲ್ಲ. ಕೆಲವು ನಾಯಿಗಳು ತಮ್ಮನ್ನು ತಾವೇ ಎಷ್ಟು ಚೊಕ್ಕಟ ಮಾಡಿಕೊಳ್ಳುತ್ತವೆಂದರೆ ನೆಲದ ಮೇಲೆ ಏನೂ ಕಾಣುವುದೇ ಇಲ್ಲ. ಮೊದಲ ಹನಿಯ ದಿನವನ್ನು ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕ, ಗುರುತು ಹಾಕಿದರೆ ಆರೇಳು ತಿಂಗಳ ಮೇಲೆ ಮುಂದಿನ ಸರದಿ ಸುಮಾರಾಗಿ ಗೊತ್ತಾಗುತ್ತದೆ. ಮನೆಯಲ್ಲಿ ಸಾಕಿದ ನಾಯಿ ಕಾರ್ತಿಕ ಮಾಸವನ್ನೇ ಕಾಯುತ್ತದೆಂದು ನಂಬಿ ಕೂರುವಂತಿಲ್ಲ, ಆಷಾಢದಲ್ಲೂ ಬರಬಹುದು. ಆಪರೇಷನ್ ಮಾಡಿಸುವ ಮನಸ್ಸಿದ್ದರೂ ಸಾಮಾನ್ಯವಾಗಿ ಬೆದೆ ಕಳೆದು ಎರಡು ಮೂರು ತಿಂಗಳು ಹೋಗಲಿ ಎನ್ನುತ್ತಾರೆ ಡಾಕ್ಟರು. ಆ ದಿನಗಳಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಮಂಕಾಗಿ ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿದರೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆಯಿದೆ, ಅದು ಪ್ರಾಣಕ್ಕೇ ಸಂಚಕಾರ.

ಬೀಗ ಬೇಗ ತೆಗೆದವರ ಮನೆಯಲ್ಲಿ ಸುಮಾರು 63 ದಿನಕ್ಕೆ ಫಲಿತಾಂಶ. ದೀಪಾವಳಿಯಲ್ಲಿ ಮೈಮರೆತರೆ ಸಂಕ್ರಾಂತಿಯ ಆಸುಪಾಸಿಗೆ ಮರಿಗಳು. ಗಂಡಿನ ವೀರ್ಯ ಅವಳ ಹೊಟ್ಟೆಯಲ್ಲಿ ಐದಾರು ದಿನ ಜೀವಂತವಾಗಿರುವುದರಿಂದ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. “ಪ್ಯೂರ್ ಲ್ಯಾಬ್ ಸಾರ್” ಎಂದು ಮೇಷ್ಟ್ರು ಹೇಳಿಕೊಂಡರೂ ಬೀದಿಯವರು ಬಿಡಬೇಕಲ್ಲ. ಹಾಲಿನ ಬೂತಿನವನು ಬಂದು ರಟ್ಟಿನ ಪೆಟ್ಟಿಗೆಗೆ ಬಗ್ಗಿ, ಕರೀದನ್ನು ಮೊದಲು ಎತ್ತಿಕೊಂಡು, “ಇದು ನಮ್ಮ ಅಂಗಡಿ ಮುಂದೆ ಮಲಗ್ತಾನಲ್ಲ, ಅವನ್ದೇ. ಆ ಕಂದು ಬಣ್ಣದ್ದು ಬೇಕರಿಯವರ್ದು” ಎಂದು ವಿಲೇವಾರಿ ಮಾಡುತ್ತಾನೆ. ಮೇಷ್ಟ್ರ ತಾಯಿ ಅಷ್ಟರಲ್ಲಿ ಬಾಣಂತಿಗೆಂದು ರಾಗಿ ಗಂಜಿ ಕಾಯಿಸಲು ಒಳಗೆ ಹೋಗಿರುತ್ತಾರೆ.