ಉಚಿತ ಜಿಮ್ ನಡೆಸುವವರಿಗೊಂದು ವಂದನಾ ಪತ್ರ

ಬೆಂಗಳೂರಿನ ಫುಟ್‌ಪಾತ್‌ಗಳ ಹೊಣೆ ಹೊತ್ತ ಮಾನ್ಯ ಮಹನೀಯರೇ,

ಒಂದಿದ್ದ ಪಾಲಿಕೆ ಐದಾಗಿರುವುದರಿಂದ, ಐದು ಲಕೋಟೆಯ ಖರ್ಚು ಉಳಿಸಲು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಗಾಬರಿ ಬೇಡ, ಇದು ದೂರಲ್ಲ, ವಂದನೆ.

ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂತೆ ಓಡಾಡಿ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುತ್ತದೆ. ನೀವೋ, ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ ಅದನ್ನೆಲ್ಲ ಮುಗಿಸಿಕೊಡುತ್ತೀರಿ. ಅದೂ ಪುಕ್ಕಟೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತ್ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದಂತೆ. ತೊಡೆಗೆ ಅದು ಎಲ್ಲಿ ಸಾಲುತ್ತದೆ? ನೀವು ಧಾರಾಳವಾಗಿ ಮೊಣಕಾಲೆತ್ತರಕ್ಕೆ ಕಟ್ಟಿಸಿದ್ದೀರಿ. ಪ್ರತಿ ಗೇಟಿನ ಮುಂದೆ ಕಾರಿಗಾಗಿ ಇಳಿಜಾರು. ಹತ್ತು, ಇಳಿ, ಮತ್ತೆ ಹತ್ತು. ಮುಂದೆ ಟ್ರಾನ್ಸ್‌ಫಾರ್ಮರ್ ಬರುತ್ತದೆ, ಅಲ್ಲಿ ಉಸಿರು ಬಿಗಿಹಿಡಿದು ಅಡ್ಡಡ್ಡ ಸರಿಯಬೇಕು, ಪ್ರಾಣಾಯಾಮ ಆಯಿತು. ಜೋತುಬಿದ್ದ ಕೇಬಲ್ಲಿಗೆ ಬಗ್ಗಿ, ತಲೆ ಎತ್ತುವಷ್ಟರಲ್ಲಿ ಮೋರಿಯ ಚಪ್ಪಡಿ: ಎಡತುದಿ ತುಳಿದರೆ ಬಲತುದಿ ಏಳುತ್ತದೆ. ಹಿಂದಿನಿಂದ ಫುಟ್‌ಪಾತ್ ಮೇಲೇ ಬರುವ ಸ್ಕೂಟರಿನವನು ಹಾರ್ನ್ ಹೊಡೆದು ಓಟದ ಅಭ್ಯಾಸವನ್ನೂ ಮಾಡಿಸುತ್ತಾನೆ. ಅಡೆತಡೆಯಿಲ್ಲದ 1.8 ಮೀಟರ್ ಅಗಲವಿರಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದಾದರೂ, ಅಡೆತಡೆಯೇ ಇಲ್ಲದಿದ್ದರೆ ವ್ಯಾಯಾಮ ಎಲ್ಲಿಂದ ಬಂತು ಸ್ವಾಮಿ?

ಇಷ್ಟಿದ್ದೂ ಜನ ದುಡ್ಡು ಕೊಟ್ಟು ಜಿಮ್‌ಗೆ ಹೋಗುತ್ತಾರೆ. ಟ್ರೆಡ್‌ಮಿಲ್ಲಿನ ಪೂರ್ವಜನನ್ನು 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ರೂಪಿಸಿದ್ದು ಜೈಲಿನ ಕೈದಿಗಳಿಗಾಗಿ. ಎಷ್ಟು ತುಳಿದರೂ ಇದ್ದಲ್ಲೇ ಇರುವುದು ಆಗ ಶಿಕ್ಷೆಯಾಗಿತ್ತು. ನಮ್ಮ ಹುಡುಗರು ಅರ್ಧ ಕಿಲೋಮೀಟರ್ ಬೈಕಿನಲ್ಲಿ ಹೋಗಿ ಅದನ್ನು ಹತ್ತುತ್ತಾರೆ. ಅವರನ್ನು ಬೈಯಲಾರೆ. ಎಡವದೆ ನಡೆಯುವಂಥ ಒಂದು ಮಾರು ಜಾಗ ಸಿಗುವುದು ಅಲ್ಲೇ, ತಿಂಗಳ ಬಾಡಿಗೆಗೆ.

ಲಾಲ್‌ಬಾಗ್ ಇಲ್ಲವೇ ಎನ್ನುತ್ತೀರಿ. ಇದೆ, 240 ಎಕರೆ; ಸುಮಾರು 300 ಕೋಟಿ ವರ್ಷದ ಬಂಡೆಯೂ ಇದೆ. ಗುತ್ತಿಗೆದಾರರು ಹಾಕಿದ್ದಲ್ಲವಾದ್ದರಿಂದ ಇನ್ನೂ ಗಟ್ಟಿಯಾಗಿದೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡದಿದ್ದರೆ ಸಾಕು, ಯಾವ ಟ್ರೈನರೂ ಕೂಗದೆ ಅಜ್ಜ ಮೊಮ್ಮಕ್ಕಳೆಲ್ಲ ನಡುರಸ್ತೆಯಲ್ಲಿ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಹಳೇ ಪೇಟೆಯ ಗರಡಿ ಮನೆಗಳೂ ಇವೆ, ಕರಗದ ವೀರಕುಮಾರರ ಊರು ಇದು. ನಮ್ಮ ಬಡಾವಣೆಯಿಂದ ಅಲ್ಲಿಗೆಲ್ಲ ಹೋಗಲು ಎರಡು ಬಸ್ಸು ಬದಲಿಸಬೇಕು. ಹತ್ತಿರದ ಪಾರ್ಕಿನಲ್ಲಿ ಬೋರ್ಡು: ಓಡಬಾರದು, ಚೆಂಡು ತರಬಾರದು, ಹುಲ್ಲು ತುಳಿಯಬಾರದು, ಒಂದೇ ದಿಕ್ಕಿಗೆ ನಡೆಯಬೇಕು. ಕೂರುವುದಕ್ಕೆ ಮಾತ್ರ ಅಭ್ಯಂತರವಿಲ್ಲ.

ನಿಮ್ಮ ಜಿಮ್‌ನ ಒಂದು ನಿಯಮ ಮಾತ್ರ ಕಠಿಣವಾಯಿತು. ಹಾರಬಲ್ಲವರಿಗಷ್ಟೇ ಪ್ರವೇಶ. ಎದುರು ಮನೆಯ ಅಜ್ಜಿಗೆ ಮಂಡಿ ಆಪರೇಷನ್ ಆಗಿದೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಅಜ್ಜಿ ಟೆರೇಸಿನಲ್ಲಿ ಸಿಂಟೆಕ್ಸ್ ಟ್ಯಾಂಕಿಗೆ ಪ್ರದಕ್ಷಿಣೆ ಹಾಕುತ್ತಾರೆ, ಏಕೆಂದರೆ ಇನ್ನೂರು ಹೆಜ್ಜೆ ದೂರದ ಗಣಪತಿ ಗುಡಿಗೆ ನಡೆದು ಹೋಗಲು ಆಗುವುದಿಲ್ಲ; ಅಷ್ಟು ಹತ್ತಿರಕ್ಕೆ ಆಟೊದವರು ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವವರು ನಮ್ಮ ಬೀದಿಯಲ್ಲಿ ಇದ್ದಾರೋ ಇಲ್ಲವೋ, ಹೊರಗೆ ಬಂದರಲ್ಲವೇ ಕಾಣುವುದು.

ಆದ್ದರಿಂದ ಸಣ್ಣದೊಂದು ವಿನಂತಿ. ಗುಡಿಯವರೆಗಿನ ಆ ಇನ್ನೂರು ಹೆಜ್ಜೆಯಲ್ಲಿ ಮಾತ್ರ ನಿಮ್ಮ ಜಿಮ್ ಮುಚ್ಚಿ. ಪೈಪು ಹಾಕಲು ಚಪ್ಪಡಿ ಎಬ್ಬಿಸಿ ಗೋಡೆಗೆ ಒರಗಿಸಿ ಹೋದವರನ್ನು ಕರೆಸಿ, ಮತ್ತೆ ಹಾಕಿಸಿ. ಅಷ್ಟು ಭಾರ ಎತ್ತಿದರೆ ಅವರಿಗೂ ಒಳ್ಳೆಯ ವ್ಯಾಯಾಮ.

ಇಂತಿ,
ನಿಮ್ಮ ಉಚಿತ ಜಿಮ್‌ನ ಆಜೀವ ಸದಸ್ಯ