ಆಟಿಕೆಲಕ್ಷಣ ವಿಚಾರ: ಪ್ರಥಮ ವರ್ಧಂತಿ ಪ್ರಕರಣ

ಮೊಮ್ಮಗಳ ಮೊದಲ ವರ್ಧಂತಿಯನ್ನು ಮನೆಯಲ್ಲೇ, ಅದೂ ‘ಆಟಿಕೆ ಥೀಮ್’ನಲ್ಲಿ ಆಚರಿಸತಕ್ಕದ್ದೆಂದು ನಮ್ಮ ಸೊಸೆ ಅಪ್ಪಣೆ ಕೊಡಿಸಿದಳು. ಶಾಸ್ತ್ರವೆಂದಮೇಲೆ ಅನುಬಂಧ ಚತುಷ್ಟಯ ಬೇಕು. ವಿಷಯ: ಆಟಿಕೆ. ಅಧಿಕಾರಿ: ಮಗು, ಅದಕ್ಕೆ ಓದು ಬಾರದು. ಪ್ರಯೋಜನ: ಫೋಟೊ. ಸಂಬಂಧ: ಬೀಗರು.

ಮೊದಲು ಕಾಲನಿರ್ಣಯ. ಚಾಂದ್ರಮಾನ ವರ್ಷಕ್ಕೆ 354 ದಿನವಾದ್ದರಿಂದ ತಿಥಿಯ ಪ್ರಕಾರ ಮಗುವಿಗೆ ವರ್ಷ ತುಂಬುವುದು ಕ್ಯಾಲೆಂಡರಿಗಿಂತ ಸುಮಾರು 11 ದಿನ ಮೊದಲು. ನಡುವೆ ಅಧಿಕಮಾಸ ನುಸುಳಿದರೆ ಈ ಲೆಕ್ಕವೂ ತಲೆಕೆಳಗು. ಪುರೋಹಿತರು ತಿಥಿಯೆಂದರು, ಮಗ ತಾರೀಖೆಂದ. ಎರಡು ಮತಗಳನ್ನೂ ಖಂಡಿಸಿ ಸೊಸೆ ಭಾನುವಾರವನ್ನು ಸ್ಥಾಪಿಸಿದಳು.

ಇನ್ನು ಮುಖ್ಯ ಪ್ರಶ್ನೆ: ಆಟಿಕೆ ಎಂದರೇನು? ‘ಮಗು ಯಾವುದರಲ್ಲಿ ಆಡುತ್ತದೋ ಅದು’ ಎಂದು ಪೂರ್ವಪಕ್ಷ. ಇದಕ್ಕೆ ಅತಿವ್ಯಾಪ್ತಿ ದೋಷ. ನನ್ನ ಕನ್ನಡಕ, ಟಿ.ವಿ. ರಿಮೋಟು, ಹುಳಿಯ ಸೌಟು, ಬಾಗಿಲಲ್ಲಿ ಬಿಟ್ಟ ಎಡಗಾಲಿನ ಚಪ್ಪಲಿ ಇವೆಲ್ಲವೂ ಆಟಿಕೆಯಾಗಿಬಿಡುತ್ತವೆ. ಹೋಗಲಿ, ‘ಗೊಂಬೆಯೇ ಆಟಿಕೆ’ ಎನ್ನೋಣವೆಂದರೆ ದಸರೆಯ ಪಟ್ಟದ ಗೊಂಬೆಗಳು ಅಡ್ಡ ಬರುತ್ತವೆ. ರಾಜ, ರಾಣಿ ಒಂಬತ್ತು ದಿನ ಮೆಟ್ಟಿಲಿನ ಮೇಲೆ ನಿಂತಿರುತ್ತಾರೆ. ಮುಟ್ಟಿದ ಮಕ್ಕಳಿಗೆ ಏಟು ಬೀಳುತ್ತದೆ. ಚಿಕ್ಕಂದಿನಲ್ಲಿ ನನಗೂ ಬಿದ್ದಿದೆ; ಅನುಭವವೂ ಪ್ರಮಾಣವೇ.

ಸಂಶಯ ತೀರದೆ ನಾನೇ ಚನ್ನಪಟ್ಟಣಕ್ಕೆ ಹೊರಟೆ. ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಅರವತ್ತು ಕಿಲೋಮೀಟರ್. ಅಲ್ಲಿ ಆಲೆಮರದ ತುಂಡೊಂದು ಲೇತಿನಲ್ಲಿ ಗಿರ್ರನೆ ತಿರುಗುತ್ತಿತ್ತು. ಕಸುಬುದಾರರು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ಬೆಂಕಿ ಇಲ್ಲ, ಕುಂಚ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತಿತು. ಮೇಲೆ ತಾಳೆಗರಿ ಒತ್ತಿದರು ನೋಡಿ, ಹಳದಿ ಬಣ್ಣ ಆಗತಾನೇ ಎಣ್ಣೆನೀರು ಹಾಕಿಸಿಕೊಂಡ ಮಗುವಿನ ಹಾಗೆ ಮಿರಮಿರ ಮಿಂಚಿತು. ಈ ಶಾಸ್ತ್ರದ ಗೊಡವೆಯೇ ಬೇಡ, ಇಲ್ಲೇ ಕೂತುಬಿಡೋಣ ಅನ್ನಿಸಿದ್ದು ನಿಜ. ಒಂದು ಗಿಲಕಿ, ಒಂದು ರೈಲು, ಒಂದು ಬುಗುರಿ ಕೊಂಡುತಂದೆ.

ಮೊಮ್ಮಗಳು ಗಿಲಕಿಯನ್ನು ಪರೀಕ್ಷಿಸಿದಳು. ನೈಯಾಯಿಕರಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ. ಇವಳು ಅದರಲ್ಲೂ ಕಣ್ಣು, ಕಿವಿಗಳನ್ನು ತಳ್ಳಿಹಾಕಿ ವಸಡೊಂದನ್ನೇ ಒಪ್ಪಿದ ಉಗ್ರ ಚಾರ್ವಾಕಿ. ಜಗಿದಳು. ಒಪ್ಪಿದಳು.

“ಮಾವ, ಅದನ್ನ ಈಗಲೇ ಕೊಡಬೇಡಿ, ಫೋಟೊಗೆ ಮೊದಲೇ ಹಲ್ಲಿನ ಗುರುತು ಬೀಳುತ್ತೆ” ಎಂದಳು ಸೊಸೆ. ಗಿಲಕಿ ಟೀಪಾಯಿಯ ಮೇಲೇರಿತು.

ಇಲ್ಲಿಂದ ಊರ್ಧ್ವಗತಿ ಪ್ರಕರಣ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗ 31.7 ಮಿಲಿಮೀಟರ್ ಅಗಲದ ಪರೀಕ್ಷಾ ನಳಿಕೆಯೊಳಗೆ ಪೂರ್ತಿ ಹಿಡಿಸಬಾರದು. ಹಿಡಿಸಿದರೆ ಗಂಟಲಿಗೂ ಇಳಿದೀತೆಂದು ಅರ್ಥ. ನನ್ನ ಹಳೆಯ ಕ್ಯಾಮೆರಾದ ಫಿಲ್ಮ್ ಡಬ್ಬಿ ಹೆಚ್ಚುಕಡಿಮೆ ಅದೇ ಅಳತೆ. ಅಲಂಕಾರಕ್ಕೆ ತಂದಿದ್ದ ಗೋಲಿ, ಕರಡಿಯ ಗುಂಡಿಕಣ್ಣು, ಪುಟಾಣಿ ಕಾರಿನ ಚಕ್ರ ಎಲ್ಲವೂ ಅದರೊಳಗೆ ಸಲೀಸಾಗಿ ಇಳಿದವು. ಎಲ್ಲ ಷೋಕೇಸಿಗೆ ಹೋದವು. ಊದದ ಬಲೂನು ಎಂಟು ವರ್ಷದೊಳಗಿನವರ ಉಸಿರು ಕಟ್ಟಿಸಬಹುದೆಂದು ಪ್ಯಾಕೆಟ್ಟಿನ ಮೇಲೇ ಎಚ್ಚರಿಕೆಯಿತ್ತು. ಬಲೂನು ಸೂರಿಗೆ ಹೋಯಿತು. 2021ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ ಜಾತ್ರೆಯ ಪ್ಲಾಸ್ಟಿಕ್ ಗಿಳಿ ಬೀರುವಿನ ನೆತ್ತಿಗೆ. ರೈಲನ್ನು ನಮ್ಮಾಕೆ ‘ಚೆನ್ನಾಗಿದೆ, ಹಾಳಾಗುತ್ತೆ’ ಎಂಬ ಪ್ರಾಚೀನ ವಾಕ್ಯ ಉಚ್ಚರಿಸಿ ಅಟ್ಟಕ್ಕೆ ಸೇರಿಸಿದಳು. ಸಿದ್ಧಾಂತ ಇಷ್ಟಾಯಿತು: ಮಗುವಿನ ಕೈಗೆ ಎಟುಕದ್ದು ಆಟಿಕೆ, ಎಟುಕುವುದು ಬರೀ ಸಾಮಾನು.

ಭಾನುವಾರ ಸಂಜೆ ನಲವತ್ತು ಜನ ಸೇರಿದರು. ಉತ್ಸವಮೂರ್ತಿ ಆರೂವರೆಗೇ ನಿದ್ದೆಹೋಗಿದ್ದರಿಂದ ಅದರ ಕೈ ಹಿಡಿದು ಅವರಮ್ಮನೇ ಕೇಕ್ ಕತ್ತರಿಸಿದಳು. ದೀಪ ಊದಿ ಆರಿಸುವುದು ಅಶುಭವಲ್ಲವೆ ಎಂಬ ಚರ್ಚೆ ಎದ್ದು, ಮೇಣದಬತ್ತಿ ಆರಿಸಿದ ಕೂಡಲೇ ಆರತಿ ಬೆಳಗುವುದೆಂದು ರಾಜಿಯಾಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಬೀಗರು ಒಬ್ಬಟ್ಟಿನ ತಟ್ಟೆ ಬಿಟ್ಟು, ಸ್ಟೂಲು ಹತ್ತಿ ಅಟ್ಟದ ರೈಲನ್ನು ಇಳಿಸಿಕೊಂಡು ನೆಲದ ಮೇಲೆ ಕೂತಿದ್ದರು. ಬುಗುರಿಗೆ ನಾನೂ ಅವರೂ ಸ್ವಲ್ಪ ಜಗಳವಾಡಿದೆವು. ನೆಂಟಸ್ತಿಕೆಯ ಮಾತು, ವಿಸ್ತರಿಸುವುದಿಲ್ಲ.

ಮರುದಿನ ಮೊಮ್ಮಗಳು ಎದ್ದು ಚಪ್ಪಲಿಯ ಕಡೆ ಅಂಬೆಗಾಲಿಟ್ಟಳು. ನಾವು ಮುಯ್ಯಿ ಪುಸ್ತಕ ಬರೆಯಲು ಕೂತೆವು. ಎಲ್ಲ ಸರಿಹೋಯಿತು, ಒಂದು ಸಾಲು ಮಾತ್ರ ಖಾಲಿ: ‘ತಮಟೆ ಬಡಿಯುವ ಕರಡಿ, ಕೊಟ್ಟವರು —’. ಅದಕ್ಕೆ ನಿಲ್ಲಿಸುವ ಗುಂಡಿಯೇ ಇಲ್ಲ. ಯಾರಾದರೂ ಕೆಮ್ಮಿದರೂ ಬಡಿಯುತ್ತದೆ. ಅಟ್ಟದಿಂದಲೂ ಕೇಳಿಸುತ್ತದೆ. ಓದುಗರಲ್ಲಿ ಯಾರಾದರೂ ಕೊಟ್ಟಿದ್ದರೆ ದಯವಿಟ್ಟು ಹೆಸರು ತಿಳಿಸಿ. ನಿಮ್ಮ ಮನೆಯ ಮಗುವಿನ ವರ್ಧಂತಿ ಯಾವತ್ತು ಅನ್ನುವುದನ್ನೂ.